ಸೊಪ್ಪಿನ ಹಿಂದಿನ ಡಬ್ಬಿ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 8

ಸೊಸೆ ಪಂಪಿನಲ್ಲಿ ತೆಗೆದಿಟ್ಟ ಎದೆಹಾಲು, ಎರಡನೇ ಬಾಟಲಿ, ಬಿಸಿನೀರಿನ ಬೋಗುಣಿಯಲ್ಲಿ ಕೂತಿದೆ. ಒಲೆಯ ಮೇಲಿಡುವ ಹಾಗಿಲ್ಲ. ಕುದಿಸುವ ಹಾಗಿಲ್ಲ. ಕುಲುಕುವ ಹಾಗೂ ಇಲ್ಲ, ಮೆಲ್ಲಗೆ ತಿರುಗಿಸಬೇಕಂತೆ. ಐವತ್ತು ವರ್ಷ ಹಾಲು ಕಾಯಿಸಿದ ಕೈ ಇದು. ಈಗ ಬೋಗುಣಿಯ ಮುಂದೆ ಕೈ ಕಟ್ಟಿಕೊಂಡು ಕೂತಿದೆ, ಹಾಲು ತಾನಾಗಿ ಮನಸ್ಸು ಮಾಡಲಿ ಅಂತ.

ಸೊಸೆ ಐದಕ್ಕೇ ಹೋದಳು. ಹೆರಿಗೆ ರಜೆ ಮುಗಿದು ಇದು ಎರಡನೇ ವಾರ. ಬಸ್ಸು ಓಡಿಸುತ್ತಾಳೆ. ಮಗ ಲಿಫ್ಟ್ ರಿಪೇರಿಯವನು, ಏಳಕ್ಕೆ ಹೊರಟ. ಒಬ್ಬಳು ಉದ್ದಕ್ಕೆ ಓಡುತ್ತಾಳೆ, ಒಬ್ಬ ಮೇಲಕ್ಕೂ ಕೆಳಕ್ಕೂ ಓಡುತ್ತಾನೆ. ನಡುವೆ ನಾನು, ಮತ್ತೆ ನಾಲ್ಕು ತಿಂಗಳ ದೊರೆಸಾನಿ. ಮೊಮ್ಮಗಳಿಗೆ ನಾನಿಟ್ಟ ಹೆಸರು ಅದು. ಅತ್ತರೆ ಮನೆಯೇ ಎದ್ದು ನಿಲ್ಲಬೇಕು.

ಮೆಡಿಕಲ್ ಶಾಪಿನವನು ಕೊಟ್ಟ ಹಳೇ ವರ್ಷದ ಡೈರಿ ಇದು. ವಾರ ತಪ್ಪು. ಹೊಡೆದು ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇಷ್ಟು ಸಾಕು.

ನೀರು ಆರಿತು ಅನಿಸುತ್ತೆ…

ಫೆಬ್ರವರಿ 4, ಮಂಗಳವಾರ. ಮಧ್ಯಾಹ್ನ

ಫ್ರಿಜ್ಜಿನ ಬಾಗಿಲಿಗೆ ಮಗ ಹಾಳೆ ಅಂಟಿಸಿದ್ದಾನೆ. ನನಗಾಗಿಯೇ ದಪ್ಪ ಅಕ್ಷರ. ಹೊರಗಿಟ್ಟರೆ ನಾಲ್ಕು ಗಂಟೆ. ಫ್ರಿಜ್ಜಿನಲ್ಲಿ ನಾಲ್ಕು ದಿನ, ಅದೂ ಒಳಗಡೆ, ಹಿಂದೆ — ಬಾಗಿಲಲ್ಲಿ ಬೇಡ. ಫ್ರೀಜರಿನಲ್ಲಿ ಆರು ತಿಂಗಳು. ಕರಗಿಸಿದ್ದನ್ನು ಮತ್ತೆ ಗಡ್ಡೆ ಕಟ್ಟಿಸಬಾರದು. ಹಳೇ ತಾರೀಖಿನದು ಮೊದಲು ಕೊಡಬೇಕು. ಮೇಲೆ ಕೆನೆ ಬೇರೆಯಾಗಿ ನಿಂತರೆ ಕೆಟ್ಟಿದೆ ಅಂತಲ್ಲ.

ಕೊನೆಯದಕ್ಕೆ ಕೆಂಪು ಗೆರೆ. ಮಗು ಬಾಯಿಟ್ಟ ಬಾಟಲಿಯಲ್ಲಿ ಉಳಿದದ್ದನ್ನು ಎರಡು ಗಂಟೆಯೊಳಗೆ ಕುಡಿಸಬೇಕು, ಇಲ್ಲವೇ ಚೆಲ್ಲಬೇಕು.

ಮಿಕ್ಕಿದ್ದೆಲ್ಲ ಒಪ್ಪಿದೆ. ಇದನ್ನು ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಹೌದು, ಚೆಲ್ಲು ಅಂತಲೇ ಬರೆದಿದೆ.

ಇವತ್ತು ಎರಡು ಸಲ ಚೆಲ್ಲಿದೆ. ಒಂದು ಸಲ ಎರಡು ಬೆರಳು, ಇನ್ನೊಂದು ಸಲ ಮೂರು. ಸಿಂಕಿನ ಬಿಳಿ ಗೆರೆ ಹೋಗುವ ತನಕ ನಲ್ಲಿ ಬಿಟ್ಟೆ. ಯಾರೋ ನೋಡುತ್ತಿದ್ದಾರೆ ಅನ್ನುವ ಹಾಗೆ.

ಫೆಬ್ರವರಿ 6, ಗುರುವಾರ. ಸಂಜೆ 4

ಸೊಸೆ ಬಂದಳು. ಚಪ್ಪಲಿ ಬಿಡುವ ಮುಂಚೆ ಐಸ್ ಚೀಲ ಬಿಚ್ಚಿ ಬಾಟಲಿಗಳನ್ನು ಒಳಗಿಟ್ಟಳು. ಆಮೇಲೆ ನೆಲದ ಮೇಲೆ ಕೂತವಳು ಏಳಲೇ ಇಲ್ಲ. ಇವತ್ತು ಬಂದದ್ದು ಬರೀ ಒಂದೂವರೆ ಬಾಟಲಿ. ಡಿಪೋದಲ್ಲಿ ಇಪ್ಪತ್ತು ನಿಮಿಷ ಬಿಡುವು. ಫಸ್ಟ್ ಏಡ್ ರೂಮಿಗೆ ಚಿಲಕವಿಲ್ಲ, ಕುರ್ಚಿ ಅಡ್ಡ ಇಟ್ಟುಕೊಂಡು ಕೂರುತ್ತಾಳೆ. ಯಾವನೋ ಮೆಕ್ಯಾನಿಕ್ ಕೈಗೆ ಗಾಯ ಮಾಡಿಕೊಂಡು ಬಂದು ಬಾಗಿಲು ತಟ್ಟಿದನಂತೆ. ಆ ಗಾಬರಿಗೆ ಹಾಲು ನಿಂತೇ ಹೋಯಿತಂತೆ.

ಎಷ್ಟು ಹಿಂಡಿದೆ ಅಂತ ಕೇಳಿದೆ.

“ಹಿಂಡೋದು ಅನ್ಬೇಡಿ ಅತ್ತೆ. ನಾನೇನು ಎಮ್ಮೇನಾ?”

ಎಮ್ಮೆಯಾದರೂ ನಿಂತ ಕಡೆ ಮೇವು ತಿನ್ನುತ್ತೆ, ನೀನು ಅದೂ ಇಲ್ಲ ಅಂದೆ. ನಕ್ಕಳು. ನಗುತ್ತಾ ನಗುತ್ತಾ ಗೋಡೆಗೆ ಒರಗಿ ನಿದ್ದೆಗೆ ಜಾರಿದಳು. ಎಬ್ಬಿಸಲಿಲ್ಲ. ಸ್ಟೇರಿಂಗ್ ಹಿಡಿದ ಹಾಗೆ ಬೆರಳು ಮಡಿಚಿಕೊಂಡೇ ಇದ್ದವು.

ಅವಳ ಬಾಟಲಿ ನೋಡಿದರೆ ನಾನು ಕೂಲಿಗೆ ಹೋಗುತ್ತಿದ್ದ ಇಟ್ಟಿಗೆ ಗೂಡು ನೆನಪಾಗುತ್ತೆ. ಮಗ ಮೂರು ತಿಂಗಳಿನವನು, ಮನೆಯಲ್ಲಿ ನಾದಿನಿಯ ಹತ್ತಿರ. ಮಧ್ಯಾಹ್ನ ಹೊತ್ತಿಗೆ ಎದೆ ಕಲ್ಲು. ಗೂಡಿನ ಹಿಂದೆ ಹೋಗಿ ಹಿಂಡುತ್ತಿದ್ದೆ. ಬಿಸಿ ಇಟ್ಟಿಗೆಯ ಮೇಲೆ ಬಿದ್ದು ಚುರ್ ಅನ್ನುತ್ತಿತ್ತು. ಸುಟ್ಟ ವಾಸನೆ. ಅಲ್ಲಿ ನನ್ನ ಹಾಲು ಸುಡುತ್ತಿದ್ದಾಗ ಇಲ್ಲಿ ಅವನು ಹಿಟ್ಟು ಕಲಸಿದ ನೀರು ಕುಡಿಯುತ್ತಿದ್ದ. ಬದುಕಿದ, ಸರಿ. ಕಾಲು ಮಾತ್ರ ಇವತ್ತಿಗೂ ಕಡ್ಡಿ.

ಫೆಬ್ರವರಿ 7, ಶುಕ್ರವಾರ. ಬೆಳಿಗ್ಗೆ 11

ಇವತ್ತು ಚೆಲ್ಲಲಿಲ್ಲ.

ಮುಚ್ಚಳದ ಸಣ್ಣ ಸ್ಟೀಲ್ ಡಬ್ಬಿ ಒಂದಿತ್ತು. ತೊಳೆದು, ಬಿಸಿನೀರು ಹುಯ್ದು, ಒರೆಸಿ, ಉಳಿದದ್ದನ್ನು ಅದಕ್ಕೆ ಬಗ್ಗಿಸಿದೆ. ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿ, ಸೊಪ್ಪಿನ ಹಿಂದೆ. ಆ ಡ್ರಾಯರ್ ಎಳೆಯುವವಳು ನಾನೊಬ್ಬಳೇ. ಎರಡು ಮೂರು ಸಲದ ಉಳಿಕೆ ಸೇರಿದರೆ ಒಂದು ಹೊಟ್ಟೆಗಾಗುತ್ತೆ. ತಾಯಿಯ ಹಾಲು, ಕುಡಿಯುವುದು ಅದೇ ಮಗು, ನಡುವೆ ಒಂದು ಡಬ್ಬಿ. ಇದರಲ್ಲಿ ಏನು ಕೆಡುತ್ತೆ?

ಫೆಬ್ರವರಿ 10, ಸೋಮವಾರ

ಚೆನ್ನಾಗಿ ನಡೆಯುತ್ತಿದೆ. ಡಬ್ಬಿಯದನ್ನು ಕುಡಿಸಿದ್ದಕ್ಕೆ ನಿನ್ನೆ ಒಂದು ಇಡೀ ಬಾಟಲಿ ಉಳಿಯಿತು. ಸೊಸೆ ಅದನ್ನು ಪ್ಯಾಕೆಟ್ಟಿಗೆ ಹಾಕಿ, ತಾರೀಖು ಬರೆದು, ಫ್ರೀಜರಿಗೆ ಸೇರಿಸಿದಳು. ಹನ್ನೊಂದು ಪ್ಯಾಕೆಟ್ ಆಗಿವೆ. ಖುಷಿಯಲ್ಲಿ ಎರಡು ಸಲ ಎಣಿಸಿದಳು. ಅವಳಿಗೆ ಜ್ವರ ಬಂದರೆ, ಡಬಲ್ ಡ್ಯೂಟಿ ಬಿದ್ದರೆ ಬೇಕಾಗುತ್ತೆ ಅಂತ.

“ಅಮ್ಮ, ನಿನ್ ಕೈಗುಣ,” ಅಂದ ಮಗ. ಕೈಗುಣವೇ ಹೌದು ಅಂದುಕೊಂಡೆ. ಸೊಪ್ಪಿನ ಕಡೆ ನೋಡಲಿಲ್ಲ.

ಸೊಂಟ ಹಿಡಿದಿದೆ. ದೊರೆಸಾನಿ ತೂಕ ಏರಿಸಿಕೊಂಡಿದ್ದಾಳೆ.

ಫೆಬ್ರವರಿ 13, ಗುರುವಾರ. ಮಧ್ಯಾಹ್ನ 2

ಬೆಳಿಗ್ಗೆಯಿಂದ ಐದು ಸಲ ಬಟ್ಟೆ ಬದಲಿಸಿದೆ. ನೀರು ನೀರು. ಹಲ್ಲು ಬರುವುದಕ್ಕೆ ಇರಬೇಕು. ಇಷ್ಟು ಬೇಗ ಹಲ್ಲಾ? ಬಂದರೂ ಬಂದೀತು, ನನ್ನ ಮೊಮ್ಮಗಳಲ್ಲವೆ, ಕಚ್ಚುವುದಕ್ಕೆ ಅವಸರ.

ಕುಡಿದದ್ದನ್ನು ಕಕ್ಕಿದಳು. ಬಾಟಲಿ ಕಂಡರೆ ಮುಖ ತಿರುಗಿಸುತ್ತಾಳೆ. ಅಳುವಿನಲ್ಲಿ ಜೋರಿಲ್ಲ. ಜೋರಾಗಿ ಅಳಲಿ ಅಂತ ಕಾಯುತ್ತಿದ್ದೇನೆ… ಮಗನಿಗೆ ಫೋನ್ ಮಾಡಬೇಕು.

ಫೆಬ್ರವರಿ 18, ಮಂಗಳವಾರ. ಬೆಳಿಗ್ಗೆ

ನಿನ್ನೆ ಮನೆಗೆ ಬಂದೆವು. ಆಸ್ಪತ್ರೆಯಲ್ಲಿ ನಾಲ್ಕು ದಿನ. ಇಷ್ಟುದ್ದದ ಕೈಗೆ ಸೂಜಿ. ನರ ಸಿಗದೆ ಮೂರು ಕಡೆ ಚುಚ್ಚಿದರು, ಆಮೇಲೆ ಪಾದಕ್ಕೆ. ಈಗ ಗೆಲುವಾಗಿದ್ದಾಳೆ. ಎದೆಹಾಲು ಕುಡಿಯುತ್ತಾಳೆ. ನಿನ್ನೆ ಕಾಲು ಒದ್ದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ದನಿ ಏರಿಸುವವಳಲ್ಲ. ಬಾಟಲಿ ಹಾಲು ಹೇಗೆ ಇಡುತ್ತೀರಿ ಅಂತ ಕೇಳಿದಳು. ಸೊಸೆ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದಳು — ನಾಲ್ಕು ಗಂಟೆ, ನಾಲ್ಕು ದಿನ, ಹಳೇದು ಮೊದಲು, ಉಳಿದದ್ದು ಸಿಂಕಿಗೆ. ಸರಿಯಾಗೇ ಇದೆಯಲ್ಲ, ಪಂಪಿನ ಭಾಗಗಳನ್ನು ಚೆನ್ನಾಗಿ ತೊಳೆಯಿರಿ, ಸೋಂಕು ಬೇರೆ ಕಡೆಯಿಂದಲೂ ಬಂದಿರಬಹುದು, ಎದೆಹಾಲು ಮಾತ್ರ ನಿಲ್ಲಿಸಬೇಡಿ ಅಂದಳು. ಉಳಿದದ್ದರಲ್ಲಿ ಮಗುವಿನ ಜೊಲ್ಲು ಸೇರಿರುತ್ತೆ, ಅದು ಫ್ರಿಜ್ಜಿನಲ್ಲಿದ್ದರೂ ಕೆಡುತ್ತಾ ಹೋಗುತ್ತೆ ಅಂತಲೂ ಹೇಳಿದಳು. ನನ್ನ ಕಡೆ ನೋಡಿ ಹೇಳಿದ್ದಲ್ಲ. ನಾನು ಮೂಲೆಯ ಸ್ಟೂಲಿನ ಮೇಲಿದ್ದೆ. ಟವೆಲ್ ಮಡಿಸುತ್ತಿದ್ದೆ. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ.

ಜೀವಮಾನವೆಲ್ಲ ಬಾಯಿಗೆ ಬಂದದ್ದು ಆಡಿದವಳು. ಆವತ್ತು ಟವೆಲ್ ಎಣಿಸುತ್ತಾ ಕೂತೆ.

ಬಂದ ತಕ್ಷಣ ಡಬ್ಬಿ ಹೊರತೆಗೆದೆ. ಚೆಲ್ಲಿದೆ. ಹುಳಿ ವಾಸನೆ.

ಫೆಬ್ರವರಿ 19, ಬುಧವಾರ

ಸೊಸೆ ರಜೆಯಲ್ಲಿದ್ದಾಳೆ, ಸೋಮವಾರದ ತನಕ. ಪಂಪನ್ನು ತೊಳೆದು, ಕುದಿಸಿ, ಒಣಗಿಸಿ, ಅದರ ಪೆಟ್ಟಿಗೆಗೆ ಹಾಕಿ ಅಟ್ಟದ ಮೇಲಿಟ್ಟಳು. ಯಾಕೆ ಅಂತ ಕೇಳಿದೆ.

“ನನ್ ಹತ್ರ ಕುಡಿದ್ರೆ ಏನೂ ಆಗ್ತಿಲ್ಲ ಅತ್ತೆ. ತೆಗೆದಿಟ್ಟಿದ್ದು ಕುಡಿದ್ರೇ ಆಗಿದ್ದು. ನಾನೇ ಎಲ್ಲೋ ಗಲೀಜು ಮಾಡಿದೀನಿ. ಆ ರೂಮಲ್ಲಿ ಗ್ರೀಸ್ ಕೈಯವರೆಲ್ಲ ಓಡಾಡ್ತಾರೆ.”

ಇನ್ನು ಡ್ಯೂಟಿ ಹೊತ್ತಿನಲ್ಲಿ ಟಿನ್ನಿನ ಪುಡಿಯಂತೆ. ಪಂಪ್ ಮಾಡದೆ ಹೋದರೆ ಹಾಲು ಇಳಿದು ಹೋಗುತ್ತೆ ಅಂತ ಅವಳಿಗೂ ಗೊತ್ತು. ಇಳಿಯಲಿ ಅಂದಳು. ಫ್ರೀಜರಿನ ಹನ್ನೊಂದು ಪ್ಯಾಕೆಟ್ಟನ್ನು ಭಾನುವಾರ ಎಸೆಯುತ್ತಾಳಂತೆ. ಇವತ್ತು ಎಸೆಯಲು ಕೈ ಬರಲಿಲ್ಲವಂತೆ.

ನಿನ್ನ ತಪ್ಪಲ್ಲ ಅಂದೆ. ಎಲ್ಲರೂ ಹೇಳುವ ಹಾಗೆ ಹೇಳಿದೆ. ಅದಕ್ಕೆ ಎಲ್ಲಿಯ ಬೆಲೆ?

ಫೆಬ್ರವರಿ 20, ಗುರುವಾರ

ಟಿನ್ ಬಂತು. ರುಚಿ ಹಿಡಿಯಲಿ ಅಂತ ಈಗಲೇ ಶುರು ಮಾಡಿದಳು. ದೊರೆಸಾನಿ ಒಂದು ಗುಟುಕು ಕುಡಿದು ಉಗಿದಳು. ಎರಡನೇ ಸಲ ಕುಡಿದಳು. ಪುಡಿ ಏನು ವಿಷವಲ್ಲ, ಎಷ್ಟೋ ಮಕ್ಕಳು ಅದರಲ್ಲೇ ಬೆಳೆದಿವೆ. ಅದು ಬೇರೆ ಮಾತು. ಇವಳ ಹತ್ತಿರ ಹಾಲಿದೆ.

ಊಟಕ್ಕೆ ಕೂತಾಗ ಸೊಸೆಯ ಅಂಗಿ ಎರಡು ಕಡೆ ಒದ್ದೆ. ನೋಡಿಕೊಂಡಳು. ದುಪಟ್ಟಾ ಎಳೆದುಕೊಂಡು ತಟ್ಟೆ ತೊಳೆಯಲು ಎದ್ದಳು. ಅನ್ನ ಹಾಗೇ ಇತ್ತು.

ಹೇಳಿದರೆ ಏನಾಗುತ್ತೆ? ಮಗುವನ್ನು ಬೇರೆ ಕಡೆ ಬಿಡುತ್ತಾರೆ. ಬೀದಿಯ ಕೊನೆಗೆ ಒಂದು ಬೇಬಿ ಕೇರ್ ಇದೆ, ಮಗ ಒಮ್ಮೆ ಅದರ ಮಾತೆತ್ತಿದ್ದ. ಆಗ ನಾನು ಈ ಮನೆಯಲ್ಲಿ ಯಾತಕ್ಕೆ? ಸೊಪ್ಪು ಬಿಡಿಸುವುದಕ್ಕೆ.

ಹೇಳದಿದ್ದರೆ? ಅವಳು ಬದುಕಿರುವ ತನಕ ತಾನೇ ಮಾಡಿದ್ದು ಅಂದುಕೊಳ್ಳುತ್ತಾಳೆ.

ಫೆಬ್ರವರಿ 22, ಶನಿವಾರ. ಸಂಜೆ 5

ಹೇಳಿದೆ.

ಮಗ ಪೇಟೆಗೆ ಹೋಗಿದ್ದ. ಮಗು ಮಲಗಿತ್ತು. ಸೊಸೆ ಫ್ರೀಜರ್ ತೆಗೆದು ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸುತ್ತಿದ್ದಳು. ನಾಳೆ ಅಂದವಳು ಇವತ್ತೇ ಶುರು ಮಾಡಿದ್ದಳು. ಪ್ರತಿಯೊಂದರ ತಾರೀಖು ಓದುತ್ತಿದ್ದಳು, ತುಟಿಯಲ್ಲೇ.

ನಾನು ಸ್ಟೀಲ್ ಡಬ್ಬಿ ತಂದು ಪ್ಯಾಕೆಟ್ಟಿನ ಪಕ್ಕ ಇಟ್ಟೆ. ಏನಿದು ಅಂತ ನೋಡಿದಳು.

“ಉಳಿದಿದ್ದನ್ನ ಇದರಲ್ಲಿ ಕೂಡಿಡ್ತಿದ್ದೆ. ಒಂದು ವಾರ. ಕೊನೇ ಬಾಟಲಿಗೆ ಇದನ್ನೇ ಕೊಡ್ತಿದ್ದೆ. ನಿನ್ ಹಾಲಲ್ಲಿ ಏನೂ ಇರ್ಲಿಲ್ಲ. ನನ್ ಡಬ್ಬೀಲಿತ್ತು.”

ಮುಚ್ಚಳ ತೆಗೆದು ಒಳಗೆ ನೋಡಿದಳು, ಖಾಲಿ ಇದ್ದರೂ. ಬೈಯುತ್ತಾಳೆ ಅಂತ ತಯಾರಾಗಿದ್ದೆ. ಬೈದಿದ್ದರೆ ತಿರುಗಿ ಒಂದು ಮಾತು ಹೇಳಿ ಹಗುರಾಗುತ್ತಿದ್ದೆ. ಬೈಯಲಿಲ್ಲ. ಪ್ಯಾಕೆಟ್ಟುಗಳು ಬೆವರುತ್ತಿದ್ದವು. ಅದು ಕಣ್ಣಿಗೆ ಬಿತ್ತು. ಕೂಡಲೇ ಒಂದೊಂದನ್ನೂ ಒತ್ತಿ ನೋಡಿದಳು, ಇನ್ನೂ ಕಲ್ಲಿನ ಹಾಗೇ ಇದ್ದವು. ಹನ್ನೊಂದನ್ನೂ ವಾಪಸ್ ಫ್ರೀಜರಿಗೆ ತುಂಬಿ ಬಾಗಿಲು ಹಾಕಿದಳು. ಆಮೇಲೆ ರೂಮಿಗೆ ಹೋಗಿ ಮಗುವಿನ ಪಕ್ಕ ಮಲಗಿದಳು. ನನ್ನ ಕಡೆ ಬೆನ್ನು.

ಇಟ್ಟಿಗೆ ಗೂಡಿನ ಕಥೆ ಹೇಳಲಿಲ್ಲ. ಹೇಳಿದ್ದರೆ ತಪ್ಪಿಗೆ ಹೂವು ಮುಡಿಸಿದ ಹಾಗಾಗುತ್ತಿತ್ತು.

ಫೆಬ್ರವರಿ 23, ಭಾನುವಾರ

ಬೆಳಿಗ್ಗೆಯಿಂದ ಸೊಸೆಯದು ಎರಡೇ ಮಾತು. “ಅತ್ತೆ, ಉಪ್ಪು.” “ಅತ್ತೆ, ಟವೆಲ್.” ಅಷ್ಟೇ. ಮಗನಿಗೆ ಹೇಳಿದ್ದಾಳೆ. ಅವನು ನನ್ನೆದುರು ಕೂತು, ಏನೋ ಹೇಳಲು ಬಾಯಿ ತೆರೆದು, ಫ್ಯಾನ್ ನೋಡಿದ. ಫ್ಯಾನ್ ತಿರುಗುತ್ತಲೇ ಇತ್ತು. ಅವನು ಲಿಫ್ಟಿನವನು, ನಡುವೆ ಸಿಕ್ಕಿಹಾಕಿಕೊಂಡವರನ್ನು ಇಳಿಸಿ ಅಭ್ಯಾಸ. ಮನೆಯಲ್ಲಿ ಮಾತ್ರ ಆಗುವುದಿಲ್ಲ. ನೀನೇ ಹೇಳಬಹುದಿತ್ತಲ್ಲಮ್ಮ, ಆಸ್ಪತ್ರೆಯಲ್ಲೇ ಹೇಳಬಹುದಿತ್ತು ಅಂದ. ಹೌದು ಅಂದೆ.

ಬಟ್ಟೆ ನಾಲ್ಕು ಮಡಿಸಿ ಚೀಲದ ಹತ್ತಿರ ಇಟ್ಟಿದ್ದೇನೆ. ಹೋಗು ಅಂದರೆ ತಂಗಿಯ ಮನೆ ಇದೆ.

ಫೆಬ್ರವರಿ 24, ಸೋಮವಾರ. ಬೆಳಿಗ್ಗೆ 6

ನಾಲ್ಕೂವರೆಗೆ ಅಟ್ಟದ ಹತ್ತಿರ ಸ್ಟೂಲ್ ಎಳೆದ ಸದ್ದು. ಪಂಪಿನ ಪೆಟ್ಟಿಗೆ ಇಳಿಸಿದಳು. ನಾನು ಅಡುಗೆಮನೆಯಲ್ಲಿ ಬಿಸಿನೀರಿಗೆ ಇಟ್ಟಿದ್ದೆ. ಬಂದು ಫ್ರಿಜ್ ತೆಗೆದು ತೋರಿಸಿದಳು. ಇಷ್ಟು ದಿನ ಬಾಟಲಿಗೆ ನಾಲ್ಕು ಬೆರಳು ಹಾಲು ಇರುತ್ತಿತ್ತು. ಈಗ ಎರಡೆರಡು ಬೆರಳಿನ ಎಂಟು ಸಣ್ಣ ಬಾಟಲಿ. ಫ್ರೀಜರಿನ ಪ್ಯಾಕೆಟ್ ಕರಗಿಸಿ ರಾತ್ರಿ ಯಾವಾಗ ತುಂಬಿಟ್ಟಳೋ.

“ಒಂದು ಕೊಡಿ. ಸಾಲ್ದೆ ಅತ್ರೆ ಇನ್ನೊಂದು ಬಿಸಿ ಮಾಡಿ. ಆಗ ಉಳಿಯಲ್ಲ, ಉಳಿದ್ರೂ ಸ್ವಲ್ಪ.”

ತಲೆ ಆಡಿಸಿದೆ. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋದವಳು ನಿಂತಳು. ತಿರುಗಲಿಲ್ಲ.

“ಚೆಲ್ಲೋದು ನಂಗೂ ಸುಲಭ ಅಲ್ಲ ಅತ್ತೆ. ಆದ್ರೂ ಚೆಲ್ಲಿ.”

ಹೋದಳು. ಕ್ಷಮಿಸಿದಳು ಅಂತಲ್ಲ. ಮಗುವನ್ನು ನನ್ನ ಹತ್ತಿರ ಬಿಟ್ಟು ಹೋದಳು, ಅಷ್ಟು ಗೊತ್ತು.

ಫೆಬ್ರವರಿ 26, ಬುಧವಾರ. ಬೆಳಿಗ್ಗೆ 10

ನಿನ್ನೆ ಒಂದು ಹನಿಯೂ ಉಳಿಯಲಿಲ್ಲ. ಇವತ್ತು ಎರಡನೆಯದರಲ್ಲಿ ಅರ್ಧ ಬೆರಳು ಉಳಿಯಿತು. ಕುಡಿದು ಮುಗಿಸಿದ ಹೊತ್ತು ಚೀಟಿಯಲ್ಲಿ ಬರೆದಿಟ್ಟೆ, 7.20. ಒಂಬತ್ತರ ತನಕ ಕಾದೆ. ಏಳಲಿಲ್ಲ ದೊರೆಸಾನಿ. ಒಂಬತ್ತೂ ಇಪ್ಪತ್ತು ಆಯಿತು. ಸಿಂಕಿನ ಹತ್ತಿರ ನಿಂತೆ. ಸ್ಟೀಲ್ ಡಬ್ಬಿ ಈಗ ಜೀರಿಗೆಗೆ, ಕಪಾಟಿನಲ್ಲಿದೆ. ಆದರೂ ಕಣ್ಣು ಆ ಕಡೆ ಹೋಯಿತು.

ಬಗ್ಗಿಸಿದೆ. ಬೆಳ್ಳಗೆ ಇಳಿಯಿತು. ಚುರ್ ಅನ್ನಲಿಲ್ಲ. ಸಿಂಕು ತಣ್ಣಗಿತ್ತು. ನಲ್ಲಿ ಬಿಡುವ ಮೊದಲು ಒಂದು ಗಳಿಗೆ ಹಾಗೇ…

ಎದ್ದಳು. ಜೋರಾಗಿ ಅಳುತ್ತಿದ್ದಾಳೆ. ಬೋಗುಣಿಗೆ ನೀರು…