ಷಡ್ಡಕನ ಚೀಲ ಬಿಚ್ಚುವ ಮಶೀನು

೧೫ ನವೆಂಬರ್ ೧೯೭೬, ಸೋಮವಾರ. ಸೊಲ್ಲಾಪುರ.

ಷಡ್ಡಕ ಚನ್ನವೀರಪ್ಪ ತನ್ನ ಹಿಟ್ಟಿನ ಗಿರಣಿಗೆ ಚೀಲ ಬಿಚ್ಚುವ ಮಶೀನು ತಂದಿದ್ದಾನೆ. ಇಡೀ ನವಿ ಪೇಠ ಹೋಗಿ ನೋಡಿ ಬಂತು. ನಾನು ಹೋಗಲಿಲ್ಲ. ಹೆಂಡತಿ ಲೀಲಾಬಾಯಿ ಹೋಗಿದ್ದಳು, ಬಂದಾಗಿನಿಂದ ಅದೇ ಮಾತು.

"ಚೀಲಾ ಇಟ್ರ ಸಾಕ್ರಿ, ಬ್ಲೇಡು ಹೊಟ್ಟಿ ಸೀಳ್ತದ, ಗೋದಿ ಝರ್ ಅಂತ ಸುರೀತದ!"

"ಚೀಲಾ ಹಾಳಾತಲ್ಲ?" ಎಂದೆ. ನಮ್ಮ ಕಾಳಿನ ಅಂಗಡಿಯಲ್ಲಿ ಹೊಲಿಗೆಯ ಒಂದೇ ಎಳೆ ಜಗ್ಗಿ ಬಾಯಿ ಬಿಚ್ಚುತ್ತೇವೆ, ಖಾಲಿ ಚೀಲ ಮತ್ತೆ ಉಪಯೋಗಕ್ಕೆ ಬರುತ್ತದೆ.

"ನಮ್ಮ ತಂಗಿ ನಸೀಬ ಛಲೋ ಅದ ಬಿಡ್ರಿ," ಎಂದಳು. ಹೊಟ್ಟೆ ಉರಿಯಿತು, ಸುಳ್ಳೇಕೆ.

ಸಂಜೆ ಗೋದಾಮಿನಲ್ಲಿ ಯಾರೂ ಇರಲಿಲ್ಲ. ಚಾಕುವಿನಿಂದ ಒಂದು ಚೀಲದ ಹೊಟ್ಟೆ ಸೀಳಿದೆ. ಗೋಧಿ ಝರ್ ಎಂದಿತು. ಹಾಳಾದ್ದು, ಎಷ್ಟು ಚೆಂದದ ಸಪ್ಪಳ!

ಇಲಿ ಕಡಿದಿದೆ ಎಂದು ಹೇಳಿ, ಹೊಲಿಯಲು ಆ ಚೀಲವನ್ನು ಲೀಲಾಬಾಯಿಗೆ ಕೊಟ್ಟೆ. ತಿರುಗಿಸಿ ನೋಡಿದಳು.

"ಇಲಿ ಇಷ್ಟ್ ನೆಟ್ಟಗ ಕಡೀತದೇನ್ರಿ?"