ಎಮ್ಮೆಯ ಮುಂದೆ ಆಡಬಾರದ ಮಾತು

ಬೈಲಹೊಂಗಲ
೨೮ ಅಕ್ಟೋಬರ್ ೧೯೭೭

ಮಗಳು ಹಾಜಿರಾಬಿಗೆ ಅಪ್ಪ ದಾವಲಸಾಬನ ಅನೇಕ ದುವಾಗಳು. ಅಳಿಯ ಬಾಬಾಜಾನರಿಗೆ ನನ್ನ ಸಲಾಂ ಹೇಳು. ಅವರ ಲಾರಿಗೂ ಒಂದು ಸಲಾಂ ಇರಲಿ, ಸೊಲ್ಲಾಪುರದಲ್ಲಿ ನಿಮ್ಮ ಒಲೆ ಉರಿಯುವುದು ಅದರ ಗಾಲಿಯಿಂದ.

ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯಲಿಲ್ಲವೆಂದು ನಿನ್ನ ತಾಯಿ ದಿನಾ ನನ್ನ ಲೆಕ್ಕ ತೆಗೆಯುತ್ತಾಳೆ. "ಸಂತ್ಯಾಗ ಕುಂತು ಊರ ಮಂದಿ ಕೂಡ ಹರಟಿ ಹೊಡ್ಯಾಕ ಪುರಸೊತ್ತ ಸಿಗತೈತಿ, ಮಗಳಿಗೆ ನಾಕ ಸಾಲ ಬರ್ಯಾಕ ಸಿಗಂಗಿಲ್ಲೇನ್ರಿ?" ಎನ್ನುತ್ತಾಳೆ. ತಪ್ಪು ನನ್ನದೇ. ಆದರೆ ಕಾರಣ ಎರಡಿವೆ. ಅವಳ ಹೊಟ್ಟೆನೋವಿಗೆಂದು ಹೋದ ವಾರ ಮಿರಜಕ್ಕೆ ಹೋಗಿಬಂದೆವು. ದೊಡ್ಡ ಡಾಕ್ಟರು ನೋಡಿ ಔಷಧ ಬರೆದುಕೊಟ್ಟಿದ್ದಾರೆ. ಈಗ ಗಂಜಿ, ಮೆತ್ತನೆಯ ಅನ್ನ ಉಣ್ಣುತ್ತಾಳೆ. ಬಾಯಿಗೆ ಮಾತ್ರ ಯಾವ ಪಥ್ಯವನ್ನೂ ಹೇಳಿಲ್ಲ.

ಎರಡನೆಯ ಕಾರಣ ಕೇಳಿದರೆ ನಗುತ್ತೀ. ನಿನ್ನಪ್ಪ ಈ ವಯಸ್ಸಿನಲ್ಲಿ ಮಾಸ್ತರನಾಗಿದ್ದಾನೆ. ಸಾಲಿಯಲ್ಲಿ ನನ್ನನ್ನು ನಾಲ್ಕನೇ ಇಯತ್ತೆ ದಾಟಗೊಡದ ಮಾಸ್ತರರು ಇದ್ದಿದ್ದರೆ ಹೋಗಿ ಒಂದು ಪೇಡೆ ಕೊಟ್ಟುಬರುತ್ತಿದ್ದೆ.

ಆದದ್ದಿಷ್ಟು. ಸಣ್ಣ ರೈತರಿಗೆ ಎಮ್ಮೆ ಕೊಳ್ಳಲು ಬ್ಯಾಂಕಿನವರು ಸಾಲ ಕೊಡುತ್ತಿದ್ದಾರೆ. ಅದರಲ್ಲಿ ಸ್ವಲ್ಪ ಪಾಲನ್ನು ಸರಕಾರವೇ ಹೊರುತ್ತದೆ. ಆದರೆ ಎಮ್ಮೆಗೆ ವಿಮೆ ಮಾಡಿಸಬೇಕು. ವರ್ಷಕ್ಕೆ ನಲವತ್ತು ರೂಪಾಯಿ ಕಟ್ಟಿದರೆ, ಎಮ್ಮೆ ಕೈಬಿಟ್ಟುಹೋದಾಗ ಸಾವಿರ ರೂಪಾಯಿ ಬರುತ್ತದೆ. ಸಾಲ ಮನೆಯ ಮೇಲೆ ಬೀಳುವುದಿಲ್ಲ. ಇದನ್ನು ಹಳ್ಳಿಹಳ್ಳಿಗೆ ಹೋಗಿ ತಿಳಿಸುವ ಕೆಲಸ ದಿಗಂಬರರಾಯರದು. ಬ್ಯಾಂಕಿನ ಹುಡುಗ ಸಾಹೇಬರು, ಒಳ್ಳೆಯವರು. ಎಮ್ಮೆ ಆರಿಸಲು ಒಬ್ಬ ತಿಳಿದವನು ಬೇಕೆಂದು, ದನದ ಸಂತೆಯ ದಲಾಲಿಯಾದ ನನ್ನನ್ನು ಜೊತೆಗೆ ಕರೆದುಕೊಂಡರು. ದಿನಕ್ಕೆ ಭತ್ಯೆ, ಬಸ್ಸಿನ ಖರ್ಚು, ಚಹಾ ಅವರದು. ಚಹಾವನ್ನು ಮಾತಾಡಿ ಸೇರಿಸಿಕೊಂಡವನು ನಾನು.

ಮೊದಲ ಸಭೆ ಮನೋಳಿಯಲ್ಲಿ, ಹಣಮಂತಪ್ಪನ ದನದ ಮನೆಯ ಮುಂದೆ. ಸಂಜೆ ಹಾಲು ಹಿಂಡುವ ಹೊತ್ತು. ಜನ ಒಂದು ಮಗ್ಗುಲು ಕುಳಿತರೆ ಎಮ್ಮೆಗಳು ಇನ್ನೊಂದು ಮಗ್ಗುಲು ನಿಂತಿದ್ದವು. ಎಲ್ಲರ ಕಣ್ಣೂ ಬಾಯವ್ವನ ಮೇಲೆ. ಗಂಡ ತೀರಿದ ಮೇಲೆ ಒಂದೇ ಎಮ್ಮೆಯಿಂದ ಮನೆ ನಡೆಸಿದವಳು. ಬೆಳಗಿನ ಬಸ್ಸಿಗೆ ಸವದತ್ತಿಯ ಹೋಟೆಲ್ಲಿಗೆ ಹಾಲು ಕಳಿಸುತ್ತಾಳೆ. ಅವಳ ಚಂದ್ರಿಗೆ ವಯಸ್ಸಾಗಿ ಹಾಲು ಇಳಿದಿದೆ. ದಸರೆಯೊಳಗೆ ಹೆಚ್ಚು ಹಾಲು ಕಳಿಸದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಹೋಟೆಲ್ಲಿನವನು ಹೇಳಿಬಿಟ್ಟಿದ್ದ. ಇನ್ನೊಂದು ಎಮ್ಮೆ ಬಂದರೆ ಆ ಗಿರಾಕಿ ಉಳಿಯುತ್ತದೆ, ಇಲ್ಲದಿದ್ದರೆ ಕೂಲಿಗೆ ಹೋಗಬೇಕು. ಅವಳು ಸೈ ಎಂದರೆ ಉಳಿದ ಮನೆಯವರೂ ಸೈ ಎನ್ನುತ್ತಾರೆ.

ದಿಗಂಬರರಾಯರು ಕಾಗದ ತೆಗೆದು, "ಜಾನುವಾರು ಮೃತಪಟ್ಟಲ್ಲಿ" ಎಂದು ಓದತೊಡಗಿದರು. ಬಾಯವ್ವ ಎದ್ದು ನಿಂತಳು.

"ಸಾಹೇಬ್ರ, ನಿಲ್ಲಸ್ರಿ. ಚಂದ್ರಿ ಕಿವಿ ನಿಮ್ಮ ಕಡೆ ತಿರುವ್ಯಾಳ. ಹಾಲ ಕೊಡೋ ಹೆಣ್ಣಿನ ಮುಂದ ಇಂಥಾ ಮಾತ ಆಡತಾರೇನ್ರಿ?"

"ಅವ್ವಾರ, ಅದಕ್ಕ ಕನ್ನಡ ತಿಳಿಯೂದಿಲ್ರಿ," ಎಂದರು ರಾಯರು.

"ನಾ ಕರದ್ರ ಹೊಳಿ ದಂಡಿಯಿಂದ ಓಡಿ ಬರತಾಳ. ನಾ ಏನ ಆಕೀನ್ನ ಇಂಗ್ಲೀಷಿನ್ಯಾಗ ಕರೀತೇನೇನ್ರಿ?"

ಜನ ನಕ್ಕರು. ನನಗೆ ಹುರುಪು ಬಂತು. ಕಾಗದದ ಭಾಷೆಯಿಂದ ಕೆಲಸ ಕೆಟ್ಟಿದೆ, ಜನರ ಭಾಷೆಯಲ್ಲಿ ಹೇಳಿದರೆ ದಾರಿಗೆ ಬರುತ್ತಾರೆ ಎಂದುಕೊಂಡು ಎದ್ದು ನಿಂತೆ. ತೊರಗಲ್ ಕಡೆಯ ಒಂದು ಎಮ್ಮೆಗೆ ಹಾವು ಕಡಿದ ಕಥೆಯನ್ನು ಹೇಳಿದೆ. ಬಾಯಿಯ ನೊರೆ, ಮೇಲಾದ ಗೊರಸು, ಯಾವುದನ್ನೂ ಬಿಡಲಿಲ್ಲ. ನನ್ನ ಮಾತಿಗೆ ಜನ ಇಷ್ಟು ಬೇಗ ಎದ್ದದ್ದನ್ನು ನಾನು ಎಂದೂ ಕಂಡಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಎಮ್ಮೆಯ ಹಗ್ಗ ಹಿಡಿದು ಹೊರಟರು. ಬಾಯವ್ವ ಉಪ್ಪು ಮೆಣಸಿನಕಾಯಿ ತಂದು ಚಂದ್ರಿಗೆ ನಿವಾಳಿಸಿ ಬೆಂಕಿಗೆ ಹಾಕಿದಳು. ಆ ಘಾಟಿಗೆ ನಾನೂ ರಾಯರೂ ಬಸ್‌ಸ್ಟ್ಯಾಂಡಿನವರೆಗೆ ಕೆಮ್ಮಿಕೊಂಡು ಹೋದೆವು. ಮರುದಿನ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದಳು: "ಚಂದ್ರಿ ಹೆದರಿ ಅರ್ಧಾ ಹಾಲ ಕೊಟ್ಟಾಳ. ಉಳದ ಅರ್ಧದ್ದು ಬ್ಯಾಂಕಿನ್ಯಾವರು ಕೊಡ್ಲಿ."

ಮನೆಗೆ ಬಂದು ನಿನ್ನ ತಾಯಿಯ ಮುಂದೆ ಇದನ್ನೆಲ್ಲ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ಬಿಟ್ಟು, ಹಿಟ್ಟಿನ ಕೈಯಿಂದಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮೂವತ್ತ ವರ್ಷ ವಲ್ಲಿ ಕೆಳಗ ಕೈ ಹಾಕಿ, ಬಾಯಿ ಮುಚಗೊಂಡು ದುಡದು ಈ ಮನಿ ಕಟ್ಟೀರಿ. ಇವತ್ತ ಬಾಯಿ ತಗದು ಯಾಕ ಕೆಟ್ರಿ?"

ಅಳಿಯನಿಗೆ ಇದನ್ನು ಬಿಡಿಸಿ ಹೇಳು, ಲಾರಿಯವರಿಗೆ ದನದ ಸಂತೆ ಗೊತ್ತಿರುವುದಿಲ್ಲ. ನಮ್ಮಲ್ಲಿ ದನದ ಬೆಲೆಯನ್ನು ಯಾರೂ ಬಾಯಿಂದ ಆಡುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈ ಮೇಲೆ ಹೊದಿಸುತ್ತೇವೆ. ಅದರ ಕೆಳಗೆ ಕೊಡುವವನು ಬೆರಳು ಹಿಡಿಸುತ್ತಾನೆ: ಒಂದು ಹಿಡಿಸಿದರೆ ನೂರು, ಇಡೀ ಕೈ ಹಿಡಿಸಿದರೆ ಐದುನೂರು. ಹೆಚ್ಚಾಯಿತೆಂದರೆ ಕೊಳ್ಳುವವನು ಒಂದೋ ಎರಡೋ ಬೆರಳು ಹಿಂದಕ್ಕೆ ಒತ್ತಿಬಿಡುತ್ತಾನೆ. ಉಳಿದಷ್ಟನ್ನು ಹಿಡಿದುಕೊಂಡರೆ ವ್ಯಾಪಾರ ಮುಗಿಯಿತು. ಸುತ್ತ ನಿಂತವರಿಗೂ ತಿಳಿಯದು, ದನಕ್ಕೂ ತಿಳಿಯದು. ಬೆರಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಬೆವರುತ್ತದೆ. ಮೂವತ್ತು ವರ್ಷ ಅದರ ಕೆಳಗೆ ಸುಳ್ಳು ಬೆಲೆ ಹಿಡಿಸದ ದಲಾಲಿ ಎಂದು ನನಗೆ ಹೆಸರಿದೆ.

"ಆದರ ಬಾಯವ್ವ ಹೆಣ್ಣಮಗಳು," ಎಂದೆ. "ಆಕಿ ಕೈ ನಾ ಹೆಂಗ ಹಿಡೀಲಿ?"

"ನೀವ್ಯಾಕ ಹಿಡೀತೀರಿ? ನಾ ಏನ ಸತ್ತೇನೇನು?" ಎಂದಳು. ನೀನು ಹುಟ್ಟುವ ಮೊದಲು ಅವಳ ಕೈಯಲ್ಲೇ ಅಭ್ಯಾಸ ಮಾಡಿ ನಾನು ಈ ವಿದ್ಯೆ ಕಲಿತದ್ದು.

ಹೀಗೆ ಎರಡನೆಯ ಸಲ ನಾವು ಮೂವರು ಹೋದೆವು. ಬಸ್ಸಿನಲ್ಲಿ ರಾಯರು ಎದ್ದು ಅವಳಿಗೆ ಕಿಟಕಿಯ ಜಾಗ ಕೊಟ್ಟರು. ಬಾಯವ್ವ ನನ್ನನ್ನು ಕಂಡೊಡನೆ, "ಮತ್ತ ಹಾವ ತಂದೀಯೇನೋ ದಾವಲಸಾಬಣ್ಣ?" ಎಂದಳು. ನಾನು ಬಾಯಿಯ ಮೇಲೆ ಕೈ ಇಟ್ಟು ಬಾಗಿಲಲ್ಲೇ ಕುಳಿತೆ. ನಿನ್ನ ತಾಯಿ ಜಮೀಲಾ ನೇರ ಚಂದ್ರಿಯ ಹತ್ತಿರ ಹೋಗಿ, ಕುತ್ತಿಗೆ ತುರಿಸಿ, ಆಮೇಲೆ ಬಾಯವ್ವನ ಮಗ್ಗುಲಿಗೆ ಕುಳಿತು ತನ್ನ ಸೆರಗನ್ನು ಇಬ್ಬರ ಕೈ ಮೇಲೂ ಎಳೆದುಕೊಂಡಳು.

"ಅಂಗೈ ಕೆಳಗ ಮಾಡಿದ್ರ ಆ ಮಾತು, ನಾ ಬಾಯಿಲೆ ಅನ್ನಂಗಿಲ್ಲ," ಎಂದಳು. "ತಿಳೀತೇನವಾ?"

"ತಿಳೀತು. ಮುಂದ?"

ಮುಂದೆ ಮಾತಿಲ್ಲ. ಸೆರಗು ಮಾತ್ರ ಅಲ್ಲಾಡುತ್ತಿತ್ತು. ಮೂವತ್ತು ವರ್ಷ ಪಳಗಿದ ಕಣ್ಣಿಗೆ ಅಷ್ಟೇ ಸಾಕು, ನೋಡಿ ನೋಡಿ ರಾಯರಿಗೆ ಪಿಸುಗುಟ್ಟುತ್ತಿದ್ದೆ. ಜಮೀಲಾ ವರ್ಷದ ಕಂತೆಂದು ನಾಲ್ಕು ಬೆರಳು ಹಿಡಿಸಿದಳು, ಒಂದಕ್ಕೆ ಹತ್ತರಂತೆ. ಬಾಯವ್ವ ಒಂದನ್ನು ಹಿಂದಕ್ಕೆ ಒತ್ತಿದಳು. ವಿಮೆಯ ಕಂತಿನಲ್ಲಿ ಚೌಕಾಸಿ ಮಾಡಿದ ಮೊದಲ ಹೆಂಗಸು ಇವಳೇ ಇರಬೇಕು. ರಾಯರು ನನ್ನ ಕಿವಿಯಲ್ಲಿ, "ಕಂತ ಕಡಿಮಿ ಮಾಡಾಕ ಬರೂದಿಲ್ರೀ ಸಾಹೇಬ್ರ," ಎಂದು ಒದ್ದಾಡಿದರು. ಜಮೀಲಾ ಆ ಬೆರಳನ್ನು ಮತ್ತೆ ಹಿಡಿಸಿದಳು. ಬಾಯವ್ವ ಮತ್ತೆ ಒತ್ತಿದಳು. ಆಗ ಜಮೀಲಾ ಅಂಗೈ ಕೆಳಗೆ ಮಾಡಿದಳು ಎಂದು ಕಾಣುತ್ತದೆ, ಬಾಯವ್ವನ ಮುಖ ಗಂಭೀರವಾಯಿತು. ಆಮೇಲೆ ಇಡೀ ಕೈ ಒಮ್ಮೆ, ಇಡೀ ಕೈ ಇನ್ನೊಮ್ಮೆ. ಸಾವಿರ.

ಬಾಯವ್ವ ಬಹಳ ಹೊತ್ತು ಕೈ ಬಿಡಲಿಲ್ಲ. ಅವಳ ಕಣ್ಣು ಚಂದ್ರಿಯ ಮೇಲಿತ್ತು. ಚಂದ್ರಿ ಹುಲ್ಲು ಮೆಲುಕು ಹಾಕುತ್ತಿತ್ತು, ಕಿವಿ ಕೂಡ ಅಲ್ಲಾಡಿಸಲಿಲ್ಲ.

"ನಿನ್ನ ಬೆರಳ ತಣ್ಣಗ ಅದಾವು," ಎಂದಳು ಬಾಯವ್ವ. "ಖರೇ ಹೇಳಾಕ ಹತ್ತೀ. ಎಲ್ಲಿ ಹೆಬ್ಬೆಟ್ಟ ಒತ್ತೂದು?"

ದಸರೆಗೆ ನಾಲ್ಕು ದಿನ ಮೊದಲು ಅವಳಿಗೆ ಎಮ್ಮೆ ಕೊಡಿಸಿದೆ. ಸಂತೆಯಲ್ಲಿ ನಾನೇ ಆರಿಸಿದ್ದು, ನನ್ನ ದಲಾಲಿಯನ್ನು ಬಿಟ್ಟೆ. ಇದನ್ನು ಯಾರಿಗೂ ಹೇಳಬೇಡ, ಪೇಟೆಯಲ್ಲಿ ನನ್ನ ಹೆಸರು ಕೆಡುತ್ತದೆ. ವಿಮೆಯ ಗುರುತಿಗೆಂದು ದನದ ಡಾಕ್ಟರು ಬಂದು ಎಮ್ಮೆಯ ಕಿವಿಗೆ ನಂಬರಿನ ಬಿಲ್ಲೆ ಚುಚ್ಚುತ್ತಾರೆ. ಅದನ್ನು ಬಾಯವ್ವ ಕಿವಿ ಚುಚ್ಚುವ ಕಾರ್ಯವನ್ನೇ ಮಾಡಿಬಿಟ್ಟಳು. ಅರಿಷಿಣ ಕುಂಕುಮ ಹಚ್ಚಿ, ಓಣಿಗೆಲ್ಲ ಸಕ್ಕರೆ ಹಂಚಿದಳು. ಡಾಕ್ಟರಿಗೆ ಒಂದು ತೆಂಗಿನಕಾಯಿ, ಒಂದು ಕುಬಸದ ಬಟ್ಟೆಯ ಕಣವೂ ಸಿಕ್ಕಿತು. ಕಣ ಯಾಕೆಂದು ಅವರಿಗೂ ತಿಳಿಯಲಿಲ್ಲ. ಹೋಟೆಲ್ಲಿನ ಗಿರಾಕಿ ಉಳಿಯಿತು. ಅದನ್ನು ನೋಡಿ ಹಣಮಂತಪ್ಪನ ಮನೆ, ಸತ್ಯಪ್ಪನ ಮನೆ, ಒಂದರ ಹಿಂದೆ ಒಂದು ಬಂದವು. ಈಗ ಮನೋಳಿಯ ಹೆಂಗಸರು ಕೇಳುವುದು ನನ್ನನ್ನಲ್ಲ, "ಸೆರಗಿನ ಬಾಯಿ ಯಾವಾಗ ಬರತಾರು?" ಎಂದು.

ರಾಯರೂ ಬೆರಳು ಕಲಿಯುತ್ತಿದ್ದಾರೆ. ಹೆಗಲ ಮೇಲೆ ವಲ್ಲಿ ಹಾಕಲು ನಾಚಿ ಕಿಸೆಯ ಕರವಸ್ತ್ರ ಹೊದಿಸುತ್ತಾರೆ. ಅದರ ಕೆಳಗೆ ಇಬ್ಬರ ಕೈ ಹಿಡಿಯುವುದಿಲ್ಲ. ಹತ್ತಿಯ ಬೆಳೆಗೂ ವಿಮೆ ಬರುವ ಮಾತು ನಡೆದಿದೆಯಂತೆ. "ಹತ್ತಿಗೆ ಕಿವಿ ಇಲ್ರಿ, ಬಾಯಿಲೇ ಹೇಳಬಹುದು," ಎಂದು ಸಂತೋಷಪಟ್ಟರು. ಸತ್ಯಪ್ಪ, "ಎರಿ ಭೂಮಿ ಕೇಳತೈತ್ರಿ ಸಾಹೇಬ್ರ, ವಲ್ಲಿ ಇರ್ಲಿ," ಎಂದ.

ಒಟ್ಟಿನಲ್ಲಿ ಈ ವರ್ಷ ಜಮೆಯೇ ಹೆಚ್ಚು, ಮಗಳೇ. ಮನೆ ಸೋರಿಲ್ಲ, ಜೋಳ ಚೆನ್ನಾಗಿ ನಿಂತಿದೆ, ನಿನ್ನ ತಾಯಿಗೆ ನನಗಿಂತ ದೊಡ್ಡ ಹೆಸರು ಬಂದಿದೆ. ನಿಮ್ಮಿಬ್ಬರ ಬಾಳು ತಂಪಾಗಿರಲಿ, ಲಾರಿ ಹೋದ ದಾರಿಯಲ್ಲೆಲ್ಲ ಅಲ್ಲಾಹು ಅದನ್ನು ಕಾಯಲಿ.

ನಿನ್ನ ಅಪ್ಪ,
ದಾವಲಸಾಬ

ತಾ.ಕ. ಮೇಲಿನದನ್ನೆಲ್ಲ ನಿನ್ನ ತಾಯಿಗೆ ಓದಿ ತೋರಿಸಿದೆ. ನಗುವಲ್ಲಿ ನಕ್ಕಳು. ಇದನ್ನು ಟಪಾಲ ಕಚೇರಿಯಲ್ಲಿ ಕುಳಿತು ಬರೆಯುತ್ತಿದ್ದೇನೆ, ಅವಳ ಮುಂದೆ ಬರೆಯಲು ಆಗಲಿಲ್ಲ.

ಮಿರಜದ ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು ಹೇಳಿದರು. ಹೊಟ್ಟೆಯಲ್ಲಿ ಗಡ್ಡೆ, ಕೊಯ್ದು ತೆಗೆಯುವ ಕಾಲ ದಾಟಿದೆ. ಎರಡು ತಿಂಗಳು ಎಂದರು.

ತಿರುಗಿ ಬರುವಾಗ ರೈಲಿನಲ್ಲಿ ಗದ್ದಲ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಸೆರಗನ್ನು ನಮ್ಮಿಬ್ಬರ ಕೈ ಮೇಲೆ ಎಳೆದುಕೊಂಡು, ಮನೋಳಿಯಲ್ಲಿ ಮಾಡಿದಂತೆ ಅಂಗೈ ಕೆಳಗೆ ಮಾಡಿ, ಆಮೇಲೆ ಕೈ ತೆರೆದು ಹಿಡಿದಳು. ಬೆಲೆ ಕೇಳುತ್ತಿದ್ದಳು. ನಾನು ಐದೂ ಬೆರಳು ಹಿಡಿಸಿದೆ.

ಘಟಪ್ರಭಾ ಬರುವವರೆಗೆ ಹಾಗೇ ಹಿಡಿದಿದ್ದಳು. ನನ್ನ ಕೈ ಬೆವರಿತ್ತು. ಗಾಡಿ ನಿಂತಾಗ ಒಂದೊಂದಾಗಿ ಮೂರು ಬೆರಳನ್ನು ಹಿಂದಕ್ಕೆ ಒತ್ತಿ, ಎರಡನ್ನು ಹಿಡಿದುಕೊಂಡಳು. ಆಮೇಲೆ, "ಪೇರಲ ಹಣ್ಣ ಬಂದಾವು, ಹಾಜಿರಾಗ ಭಾಳ ಸೇರತಿದ್ದುವು," ಎಂದಳು.

ಬೇಗ ಬಾ. ಬಂದ ಮೇಲೆ ಅವಳ ಮುಂದೆ ಏನೂ ಆಡಬೇಡ. ಮಗ್ಗುಲಿಗೆ ಕುಳಿತು ಸೆರಗಿನ ಕೆಳಗೆ ಕೈ ಕೊಡು. ನಿನ್ನ ಬೆರಳು ತಣ್ಣಗಿರಲಿ.