ಅಂಚಿನಲ್ಲಷ್ಟೇ ಅಂಟು

ಮಾರ್ಚ್ 4, ಸೋಮವಾರ

ಪೆರಾಕ್ಸೈಡ್ ಹಾಳೆ ಆರು, ಪ್ಲಾಟಿನಂ ಹಾಳೆ ಆರು. ಇವತ್ತಿನಿಂದ ಹೋಲಿಕೆ ಶುರು.

ಎರಡೂ ಸಿಲಿಕೋನ್ ರಬ್ಬರೇ. ಗಟ್ಟಿಯಾಗುವ ದಾರಿ ಬೇರೆ: ಒಂದನ್ನು ಗಟ್ಟಿ ಮಾಡುವುದು ಪೆರಾಕ್ಸೈಡ್, ಇನ್ನೊಂದನ್ನು ಪ್ಲಾಟಿನಂ. ಪೆರಾಕ್ಸೈಡ್‌ನದು ಬಿಸಿ ಪ್ರೆಸ್‌ನಲ್ಲಿ ನೂರೆಪ್ಪತ್ತು ಡಿಗ್ರಿ, ಹತ್ತು ನಿಮಿಷ. ಆಮೇಲೆ ಓವನ್‌ನಲ್ಲಿ ನಾಲ್ಕು ಗಂಟೆ ಕೂರಿಸಬೇಕು, ಇಲ್ಲದಿದ್ದರೆ ವಾಸನೆ ಹೋಗುವುದಿಲ್ಲ. ಪ್ಲಾಟಿನಂನದು ನೂರಿಪ್ಪತ್ತರಲ್ಲಿ ಐದೇ ನಿಮಿಷ. ವಾಸನೆ ಇಲ್ಲ, ತಿಳಿ ನೀರಿನ ಹಾಗೆ. ಆದರೆ ಮಹಾ ನಾಜೂಕು. ಗಂಧಕ ಒಂಚೂರು ಸೋಕಿದರೂ ಸಾಕು, ಮುನಿಸಿಕೊಂಡು ಮೆತ್ತಗೇ ಉಳಿಯುತ್ತದೆ.

ಈ ಹೋಲಿಕೆ ಉಸಿರಾಟದ ಯಂತ್ರಕ್ಕೆ ಹಾಕುವ ರಿಂಗ್‌ಗಾಗಿ. ಹದಿನೆಂಟಕ್ಕೆ ರಿಪೋರ್ಟ್ ಕೊಡಬೇಕು. ಮ್ಯಾನೇಜರ್‌ಗೆ ಪ್ಲಾಟಿನಂ ಗೆಲ್ಲಲೇಬೇಕು. ಈಗಾಗಲೇ ಮೇಲಿನವರ ಹತ್ತಿರ ಕೊಚ್ಚಿಕೊಂಡು ಬಂದಿದ್ದಾರೆ.

ಮನೆಯಲ್ಲಿ ಬೇರೆಯೇ ಕಥೆ. ಮಗಳು ಹಾಸ್ಟೆಲ್‌ನಿಂದ ಬಟ್ಟೆಯ ಜೊತೆ ಕಜ್ಜಿಯನ್ನೂ ತಂದಿದ್ದಾಳೆ. ನನಗೂ ಬೆರಳ ಸಂದಿಯಲ್ಲಿ ಶುರು. ಡಾಕ್ಟರು ಮನೆಮಂದಿಗೆಲ್ಲ ಹಳದಿ ಮುಲಾಮು ಬರೆದುಕೊಟ್ಟರು. ಅತ್ತೆ ಹಚ್ಚಿಕೊಂಡು, "ನಮ್ಮ ವಂಶದಲ್ಲೇ ಇದು ಇರ್ಲಿಲ್ಲ" ಎಂದು ನನ್ನ ಕಡೆ ನೋಡಿದರು. ನನ್ನ ತವರಿನಿಂದ ಪಾರ್ಸೆಲ್ ಬಂದ ಹಾಗೆ!

ನಮ್ಮ ಯಜಮಾನರು ಒಂದೇ ಮಾತು ಹೇಳಿದರು: "ಕೆಲಸದ ಜಾಗದಲ್ಲಿ ಬಾಯಿಬಿಡ್ಬೇಡ. ಆಸ್ಪತ್ರೆ ಸಾಮಾನು ಮಾಡೋ ಜಾಗ. ಕಜ್ಜಿ ಅಂದ್ರೆ ಅವತ್ತೇ ಮನೆಗೆ ಕಳಿಸ್ತಾರೆ."

ಅದಕ್ಕೇ ಹತ್ತಿ ಕೈಗವಸು. ಯಾರಾದರೂ ಕೇಳಿದರೆ ಬೆರಳಿನ ಗುರುತು ಬೀಳಬಾರದು ಎಂದರಾಯಿತು.

ಮಾರ್ಚ್ 5, ಮಂಗಳವಾರ

ಪೆರಾಕ್ಸೈಡ್ ಹಾಳೆ ಆರೂ ಚೆನ್ನಾಗಿವೆ. ಪ್ಲಾಟಿನಂ ಆರರಲ್ಲಿ ನಾಲ್ಕು ಕೆಟ್ಟವು. ನಡುವೆ ಗಟ್ಟಿ, ಎರಡು ಅಂಚಿನಲ್ಲಿ ಅಂಟು ಅಂಟು. ಉಗುರು ತಾಗಿಸಿದರೆ ಎಳೆ ಬರುತ್ತದೆ. ಪ್ರೆಸ್‌ನ ಬಿಸಿ ಮತ್ತೆ ಅಳೆದೆ, ಸರಿ ಇದೆ.

ನಾಳೆ ಮತ್ತೆ.

ಮಾರ್ಚ್ 7, ಗುರುವಾರ. ಮಧ್ಯಾಹ್ನ ಊಟದ ಹೊತ್ತು

ಮತ್ತೆ ಅಂಟು. ಮ್ಯಾನೇಜರ್ ಹಾಳೆ ಎತ್ತಿ ಹಿಡಿದರು, ಅದು ಅವರ ಬೆರಳಿಗೇ ಅಂಟಿಕೊಂಡಿತು. ನಗು ಬಂತು, ನುಂಗಿಕೊಂಡೆ. ಅವರ ಮುಖ ಕೆಂಪಾಯಿತು.

"ಮಿಲ್ ತೊಳೆದಿಲ್ಲ. ಅಷ್ಟೇ."

ಮಿಲ್ ಎಂದರೆ ಎರಡು ಉರುಳೆಗಳ ನಡುವೆ ರಬ್ಬರ್ ಅರೆಯುವ ಯಂತ್ರ. ಹೋದ ತಿಂಗಳು ಅದರ ಮೇಲೆ ಕಪ್ಪು ರಬ್ಬರ್ ಓಡಿತ್ತು, ಅದರಲ್ಲಿ ಗಂಧಕ ಇರುತ್ತದೆ. ನಡೆಸುವವರು ಗಡಿಯಾರಣ್ಣ. ಇಪ್ಪತ್ತೆಂಟು ವರ್ಷದಿಂದ ಅದೇ ಯಂತ್ರದ ಮುಂದೆ. ಟೈಮರ್ ಕಡೆ ನೋಡುವವರೇ ಅಲ್ಲ. ಅವರು "ಆಯ್ತು" ಎಂದ ಮೇಲೆ ಟೈಮರ್ ಕೂಗುತ್ತದೆ. ಹೆಸರು ಬಂದದ್ದು ಹಾಗೆ.

ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಎರಡು ಸಲ ತೊಳೆದಿದೀನಿ ಸರ್. ಮಿಲ್‌ನಿಂದ ಬಂದಿದ್ರೆ ಗಂಧಕ ಪೂರ್ತಿ ಕಲೆತುಹೋಗ್ತಿತ್ತು. ಇಡೀ ಹಾಳೆಯೇ ಕೆಡಬೇಕಿತ್ತು. ಅಂಚಲ್ಲಿ ಮಾತ್ರ ಯಾಕೆ?"

ಅವರು ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. ಯಾಕೆ ನೋಡಿದರೋ.

ಮಾರ್ಚ್ 8, ಶುಕ್ರವಾರ

ಮ್ಯಾನೇಜರ್ ಇವತ್ತಿನ ರಿಪೋರ್ಟಿಗೆ ಒಂದು ಸಾಲು ಹೇಳಿದರು, ಬರೆದೆ. "ಮಿಲ್ ಶುಚಿಯಿಲ್ಲದ ಕಾರಣ ಪ್ಲಾಟಿನಂ ಮಾದರಿ ಕೆಟ್ಟಿದೆ." ಕೆಳಗೆ ನನ್ನ ಸಹಿ.

ಖಚಿತವಾಗಿ ಗೊತ್ತಿತ್ತೇ? ಇಲ್ಲ. ಕೇಳಿದವರೂ ಇಲ್ಲ.

ಮಾರ್ಚ್ 9, ಶನಿವಾರ

ಗಡಿಯಾರಣ್ಣನಿಗೆ ಸೋಮವಾರದಿಂದ ಬರಬೇಡಿ ಎಂದಿದ್ದಾರೆ. ವಿಚಾರಣೆ ಮುಗಿಯಬೇಕಂತೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಇತ್ತು. ಲಾಕರ್ ಖಾಲಿ ಮಾಡಿದರು: ಒಂದು ಟವೆಲ್, ಒಂದು ಲೋಟ, ಉರುಳೆ ಉಜ್ಜುವ ಹಿತ್ತಾಳೆ ಬ್ರಷ್. ಬ್ರಷ್ ನನ್ನ ಕೈಗೆ ಕೊಟ್ಟರು. "ಹೊಸಬನಿಗೆ ಕೊಡಿ ಮೇಡಂ. ಕಬ್ಬಿಣದ್ದು ಹಾಕಿದ್ರೆ ಉರುಳೆ ಗೀರತ್ತೆ."

ಇಷ್ಟು ಶುಚಿ ನೋಡಿಕೊಳ್ಳುವ ಮನುಷ್ಯ. ಮನೆಗೆ ಬಂದು ನೋಡಿದರೆ ಕೈ ತುರಿಕೆ ಜಾಸ್ತಿ. ಇನ್ನು ಬೆಳಿಗ್ಗೆಯೂ ಮುಲಾಮು.

ಮಾರ್ಚ್ 14, ಗುರುವಾರ

ಮೂರು ದಿನ ರಜೆ. ಮಗಳನ್ನು ಮತ್ತೆ ಡಾಕ್ಟರಿಗೆ ತೋರಿಸಿ, ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಕುದಿಸಿ ಒಗೆದೆ. ಇವತ್ತು ಬಂದರೆ ಲ್ಯಾಬ್ ತುಂಬ ಸಂಭ್ರಮ. ನಾನಿಲ್ಲದ ದಿನಗಳಲ್ಲಿ ಪ್ಲಾಟಿನಂ ಹಾಳೆ ಒಂದೂ ಕೆಟ್ಟಿಲ್ಲ.

"ನೋಡಿದ್ರಾ? ಆ ಮನುಷ್ಯ ಹೋದ, ಪೀಡೆ ಹೋಯ್ತು" ಎಂದರು ಮ್ಯಾನೇಜರ್. ಎಲ್ಲರೂ ಹೌದೌದು ಎಂದರು. ನಾನೂ ಎಂದೆ.

ಆಮೇಲೆ ನಾನೇ ಒಂದು ಹಾಳೆ ಮಾಡಿದೆ. ಹೊಸಬನ ಮಿಲ್‌ನ ರಬ್ಬರ್, ನಾನೇ ತೂಗಿ, ಎರಡು ಅಂಚು ಹಿಡಿದು ಅಚ್ಚಿನಲ್ಲಿಟ್ಟೆ. ಐದು ನಿಮಿಷ. ತೆರೆದೆ.

ಅಂಟು. ನಾನು ಹಿಡಿದ ಕಡೆಯಲ್ಲೇ, ಎರಡೂ ಕಡೆ.

ಯಾರೂ ನೋಡುವ ಮೊದಲು ಹಾಳೆ ಮಡಚಿ ಊಟದ ಚೀಲಕ್ಕೆ ತುರುಕಿದೆ. ಕಳ್ಳಿಯ ಹಾಗೆ ಚೀಲ ತಬ್ಬಿಕೊಂಡು ಬಸ್ ಹತ್ತಿದೆ.

ಮನೆಗೆ ಬಂದು ಮುಲಾಮಿನ ಟ್ಯೂಬ್ ಕಿಟಕಿಯ ಹತ್ತಿರ ಹಿಡಿದು ಓದಿದೆ. ಇರುವೆಯಷ್ಟು ಅಕ್ಷರ. ಗಂಧಕ, ನೂರಕ್ಕೆ ಹತ್ತು ಪಾಲು. ಹತ್ತಿ ಕೈಗವಸಿನಿಂದ ಜಿನುಗಿ ಹಾಳೆಗೆ ತಾಗಲು ಬೇಕಾದಷ್ಟು.

ವಾಸನೆ ಗೊತ್ತಾಗಿರಲಿಲ್ಲ ಎಂದು ಬರೆದರೆ ಸುಳ್ಳು. ಹದಿನೈದು ವರ್ಷದಿಂದ ರಬ್ಬರ್ ಲ್ಯಾಬಿನಲ್ಲಿದ್ದೇನೆ. ಮೂಗಿಗೆ ಗೊತ್ತಾಗಿತ್ತು... ನಾನು ಕಿವಿಗೊಡಲಿಲ್ಲ. ಬೇಕಾಗಿರಲಿಲ್ಲ.

ಮಾರ್ಚ್ 15, ಶುಕ್ರವಾರ. ಬೆಳಿಗ್ಗೆ 7.15

ಬೇರೆಯವರು ಬರುವ ಮೊದಲೇ ಬಂದೆ. ಮುಲಾಮು ಹಚ್ಚಿದ ಕೈ, ಮೇಲೆ ಅದೇ ಕೈಗವಸು. ಒಂದು ಪೆರಾಕ್ಸೈಡ್ ತುಂಡು, ಒಂದು ಪ್ಲಾಟಿನಂ ತುಂಡು. ಎರಡರ ಮೇಲೂ ಅಂಗೈ ಒತ್ತಿದೆ. ಆಮೇಲೆ ಪ್ರೆಸ್‌ನಲ್ಲಿ ಅದರದರ ಬಿಸಿ, ಅದರದರ ಹೊತ್ತು.

ಪೆರಾಕ್ಸೈಡ್ ಗಟ್ಟಿ. ಅದಕ್ಕೆ ನನ್ನ ಕೈಯ ಚಿಂತೆಯೇ ಇಲ್ಲ.

ಪ್ಲಾಟಿನಂ ಹಾಳೆಯ ಮೇಲೆ ಒಂದು ಕೈ ಮೂಡಿದೆ. ಐದು ಬೆರಳು, ಅಂಗೈ. ಅಷ್ಟೂ ಅಂಟು, ಸುತ್ತ ಗಟ್ಟಿ. ಸ್ಟೂಲ್ ಎಳೆದುಕೊಂಡು ಕೂತೆ. ನನ್ನ ಕೈಯಿಂದ ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಬಿತ್ತು.

ಸಂಜೆ 6

ಇವರಿಗೆ ಹೇಳಿದೆ. "ಹೊಸಬ ಬಂದು ಮಿಲ್ ಸರಿ ಹೋಯ್ತು ಅಂತ ಎಲ್ಲರೂ ನಂಬಿದಾರೆ. ಮುಲಾಮು ನಿಲ್ಲಿಸು, ನಿನ್ನ ಹಾಳೆಯೂ ಸರಿ ಹೋಗತ್ತೆ. ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಲ್ಲ."

"ನಿನ್ನ ಕೆಲಸ ಹೋದ್ರೆ?"

ಭಯ ಆಗುತ್ತಿದೆ.

ಮಾರ್ಚ್ 16, ಶನಿವಾರ

ಗಡಿಯಾರಣ್ಣನ ಮನೆಗೆ ಹೋಗಿದ್ದೆ. ಮೆಟ್ಟಿಲ ಕೆಳಗಿನ ಎರಡು ಕೋಣೆ. ಮುರಿದ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದರು, ಪಕ್ಕದ ಮನೆಯದಂತೆ. ಅವರ ಹೆಂಡತಿ ಚಹಾ ತಂದುಕೊಟ್ಟು, "ಮನೇಲಿ ಕೂತು ಇಡೀ ಬೀದಿ ಸಾಮಾನು ರಿಪೇರಿ ಮಾಡ್ತಿದಾರೆ" ಎಂದರು.

ಚೀಲದಿಂದ ಕೈ ಮೂಡಿದ ಹಾಳೆ ತೆಗೆದು ಮುಂದಿಟ್ಟೆ. ಕೈಗವಸು ಬಿಚ್ಚಿ ಕೈಯನ್ನೂ ತೋರಿಸಿದೆ.

ಅವರು ಹಾಳೆ ಮುಟ್ಟಲಿಲ್ಲ. "ನಮ್ಮನೇಲೂ ಬಂದಿತ್ತಮ್ಮ, ಮೊಮ್ಮಕ್ಕಳಿಗೆ. ಆ ಮುಲಾಮಿನ ವಾಸನೆ ಮರೆಯೋ ಅಂಥದ್ದಾ?"

"ಮತ್ತೆ ಅವತ್ತೇ ಯಾಕಣ್ಣ ಹೇಳ್ಲಿಲ್ಲ?"

"ಅಷ್ಟು ಗಂಡಸರ ಮುಂದೆ ಹೆಣ್ಣುಮಗಳ ಮೈ ವಿಷಯ ನಾನು ಹೇಗೆ ಎತ್ಲಿ? ಅಂಚಲ್ಲಿ ಯಾಕೆ ಅಂತ ಕೇಳಿದ್ನಲ್ಲ. ನೀವೇ ಹೇಳ್ತೀರಿ ಅನ್ಕೊಂಡೆ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅವರ ಹೆಂಡತಿಯ ಎದುರೇ ಅತ್ತುಬಿಟ್ಟೆ.

ಮಾರ್ಚ್ 18, ಸೋಮವಾರ. ಬೆಳಿಗ್ಗೆ 9.40

ಮ್ಯಾನೇಜರ್ ಕೋಣೆಯ ಹೊರಗಿನ ಬೆಂಚು. ಒಳಗೆ ಗಿರಾಕಿ ಕಂಪನಿಯವರು ಇಬ್ಬರು. ತೊಡೆಯ ಮೇಲೆ ಶುಕ್ರವಾರ ಕೈ ಒತ್ತಿದ ಎರಡು ಹಾಳೆ, ಅವುಗಳ ಕೆಳಗೆ ಹೊಸ ರಿಪೋರ್ಟ್.

ಕೊನೆಯ ಪುಟ ನಾಲ್ಕು ಸಲ ಬರೆದೆ. ಮೊದಲ ಮೂರರಲ್ಲಿ "ಕೈ ಸಂಪರ್ಕದಿಂದ" ಎಂದಿತ್ತು. ಯಾರ ಕೈ ಎಂದಿರಲಿಲ್ಲ. ಹರಿದು ಹಾಕಿದೆ. ಈಗ ಇರುವುದು ಹೀಗೆ: ಈ ರಿಂಗ್‌ಗೆ ಪ್ಲಾಟಿನಂ ಒಳ್ಳೆಯದು, ಆದರೆ ಮುಟ್ಟುವ ಕೈಯನ್ನು ಮೊದಲು ಪರೀಕ್ಷೆ ಮಾಡಬೇಕು. ಎಂಟನೇ ತಾರೀಕಿನ ರಿಪೋರ್ಟ್ ತಪ್ಪು. ಮಿಲ್ ಶುಚಿಯಾಗಿತ್ತು. ಹಾಳೆ ಕೆಡಿಸಿದ್ದು ನಾನು.

ಬೆಳಿಗ್ಗೆ ಹೊರಡುವಾಗ ಅತ್ತೆ ಬಾಗಿಲವರೆಗೆ ಬಂದರು. ಶುಕ್ರವಾರದ ನಮ್ಮಿಬ್ಬರ ಮಾತು ಅವರ ಕಿವಿಗೂ ಬಿದ್ದಿತ್ತಂತೆ. "ಹೋಗಿ ಹೇಳು. ಏನಾಗತ್ತೋ ಆಮೇಲೆ ನೋಡ್ಕೊಳ್ಳೋಣ." ಅತ್ತೆಯ ಬಾಯಿಂದ ಈ ಮಾತು! ಇವರು ಪೇಪರ್ ಓದುತ್ತಲೇ ಇದ್ದರು.

ಒಳಗೆ ಕುರ್ಚಿ ಸರಿದ ಸದ್ದು. ನನ್ನನ್ನೇ ಕರೆಯುತ್ತಿದ್ದಾರೆ.

ಕೈಗವಸು ಬಿಚ್ಚಿ ಬೆಂಚಿನ ಮೇಲಿಟ್ಟೆ. ಬರಿಗೈಯಲ್ಲೇ ಒಳಗೆ ಹೋಗುತ್ತೇನೆ.